ಶೋಧಕವನ್ನು ಬಾಯಿಪಾಠದ ಪಟ್ಟಿಯಿಂದ ಬಿಡಿಸಿ

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ದಿನಪತ್ರಿಕೆಗಳಲ್ಲಿ ಗಣಿತದ ಮಾರ್ಗದರ್ಶಿ ಪುಟಗಳು, ಶಾಲೆಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರುಹೊತ್ತಗೆಗಳು ಕಾಣಿಸಿಕೊಳ್ಳುತ್ತವೆ. ಅವುಗಳಿಂದ ಮಕ್ಕಳಿಗೆ ನೆರವಾಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ವರ್ಗಸಮೀಕರಣದ ಅಧ್ಯಾಯಕ್ಕೆ ಬಂದಾಗ ನಾನು ನೋಡಿದ ಬಹುತೇಕ ಕೈಪಿಡಿಗಳು ಮೂರು ಸಾಲಿನ ಒಂದು ಪಟ್ಟಿ ಕೊಟ್ಟು ಮುಂದೆ ಹೋಗುತ್ತವೆ: ಶೋಧಕ (ಎ ಎಕ್ಸ್² + ಬಿ ಎಕ್ಸ್ + ಸಿ = 0 ಎಂಬ ಸಮೀಕರಣದಲ್ಲಿ ಬಿ² − 4ಎಸಿ ಎಂಬ ಸಂಖ್ಯೆ) ಸೊನ್ನೆಗಿಂತ ಹೆಚ್ಚಿದ್ದರೆ ಎರಡು ಭಿನ್ನ ವಾಸ್ತವ ಮೂಲಗಳು (ಸಮೀಕರಣಕ್ಕೆ ಒಪ್ಪುವ ಎಕ್ಸ್‌ನ ಬೆಲೆಗಳು), ಸೊನ್ನೆಯಾದರೆ ಎರಡು ಸಮ ವಾಸ್ತವ ಮೂಲಗಳು, ಸೊನ್ನೆಗಿಂತ ಕಡಿಮೆಯಾದರೆ ವಾಸ್ತವ ಮೂಲಗಳಿಲ್ಲ. ಮಗು ಇದನ್ನು ಬಾಯಿಪಾಠ ಮಾಡುತ್ತದೆ, ‘ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ’ ಎಂದು ಹೇಳಿಕೊಳ್ಳುತ್ತ ಬೆಲೆಗಳನ್ನು ತುಂಬುತ್ತದೆ, ಬಂದ ಉತ್ತರದ ಚಿಹ್ನೆ ನೋಡಿ ಪಟ್ಟಿಯ ಒಂದು ಸಾಲನ್ನು ಇಳಿಸಿ ಅಂಕ ಪಡೆಯುತ್ತದೆ. ಹೀಗೇಕೆ ಎಂದು ಕೇಳಿದರೆ ಉತ್ತರವಿಲ್ಲ. ಕೇಳುವವರೂ ಇಲ್ಲ. ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಬೋಧಿಸಿದವಳಾಗಿ ಈ ವಿಷಯದಲ್ಲಿ ನಾನು ಹೇಳಬಯಸುವುದು ಒಂದೇ ಮಾತು. ಶೋಧಕವು ಒಂದು ವರ್ಗಕ್ಕೆ ಸಮನಾಗಲೇಬೇಕಾದ ಸಂಖ್ಯೆ. ಇಷ್ಟು ಮನದಟ್ಟಾದ ಮಗುವಿಗೆ ಆ ಮೂರು ಸಾಲುಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಅದೇ ಬರೆದುಕೊಳ್ಳುತ್ತದೆ.

ನಮ್ಮ ಹಳ್ಳಿಯ ಮಕ್ಕಳಿಗೆಲ್ಲ ಗೊತ್ತಿರುವ ಗುಂಟೆಯ ಲೆಕ್ಕದಿಂದಲೇ ಇದನ್ನು ತೋರಿಸಬಹುದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕದಷ್ಟು ಜಾಗ, ಅಂದರೆ 1089 ಚದರಡಿ. ಈಗ ತರಗತಿಯಲ್ಲಿ ಹೀಗೊಂದು ಪ್ರಶ್ನೆ ಇಡೋಣ: ಬೇಲಿಗೆ ಇಷ್ಟು ಅಡಿ ತಂತಿ ಇದೆ, ಅಷ್ಟನ್ನೇ ಬಳಸಿ ಸರಿಯಾಗಿ ಒಂದು ಗುಂಟೆಯ ಆಯತಾಕಾರದ ಕೈತೋಟವನ್ನು ಸುತ್ತುವರಿಯಲು ಸಾಧ್ಯವೇ? ತಂತಿ 220 ಅಡಿ ಇದ್ದರೆ ಉದ್ದ ಮತ್ತು ಅಗಲದ ಮೊತ್ತ 110, ಗುಣಲಬ್ಧ 1089. ಸಮೀಕರಣ ಎಕ್ಸ್² − 110 ಎಕ್ಸ್ + 1089 = 0. ಶೋಧಕವು 12100ರಲ್ಲಿ 4356 ಕಳೆದು ಉಳಿದ 7744, ಅದರ ವರ್ಗಮೂಲ 88. ಮೂಲಗಳು 99 ಮತ್ತು 11. ಓಣಿಯಂತೆ ಉದ್ದನೆಯ ತೋಟ, ಆದರೂ ತೋಟವೇ. ತಂತಿಯನ್ನು 140 ಅಡಿಗೆ ಇಳಿಸಿದರೆ ಶೋಧಕ 544ಕ್ಕೆ ಇಳಿಯುತ್ತದೆ, ಬದಿಗಳು ಸುಮಾರು 46.66 ಮತ್ತು 23.34 ಅಡಿ ಆಗುತ್ತವೆ. ಇನ್ನೂ ಇಳಿಸಿ 132ಕ್ಕೆ ತಂದರೆ ಮೊತ್ತ 66, ಅದರ ವರ್ಗ 4356, ಕಳೆಯಬೇಕಾದದ್ದೂ 4356, ಹಾಗಾಗಿ ಶೋಧಕ ಸೊನ್ನೆ. ಉದ್ದವೂ 33, ಅಗಲವೂ 33. ತಂತಿ ಇನ್ನೆರಡು ಅಡಿ ಕಡಿಮೆಯಾಗಿ 130 ಆದರೆ ಶೋಧಕ 4225 − 4356, ಅಂದರೆ −131. ಇಂಥ ತೋಟ ಹಾಕಲು ಆಗುವುದಿಲ್ಲ, ಯಾರು ಎಷ್ಟೇ ಜಾಣತನದಿಂದ ಗೂಟ ನೆಟ್ಟರೂ ಆಗುವುದಿಲ್ಲ.

ಇಲ್ಲಿ ನಿಂತು ಮಕ್ಕಳಿಗೆ ಒಂದು ವಿಷಯವನ್ನು ಗಮನಿಸಲು ಹೇಳಬೇಕು. ಮೊದಲ ತೋಟದಲ್ಲಿ ಉದ್ದಕ್ಕೂ ಅಗಲಕ್ಕೂ ಇರುವ ಅಂತರ 99 − 11, ಅಂದರೆ 88. ಶೋಧಕದ ವರ್ಗಮೂಲವೂ 88. ಇದು ಕಾಕತಾಳೀಯವಲ್ಲ. ಎರಡು ಸಂಖ್ಯೆಗಳ ಮೊತ್ತದ ವರ್ಗದಿಂದ ಅವುಗಳ ಗುಣಲಬ್ಧದ ನಾಲ್ಕರಷ್ಟನ್ನು ಕಳೆದರೆ ಉಳಿಯುವುದು ಅವುಗಳ ವ್ಯತ್ಯಾಸದ ವರ್ಗ ಎಂಬ ನಿತ್ಯಸಮೀಕರಣವನ್ನು ಮಕ್ಕಳು ಹತ್ತನೇ ತರಗತಿಗೆ ಬರುವ ಮೊದಲೇ ಕಲಿತಿರುತ್ತಾರೆ. ಆ ಹಳೆಯ ಸೂತ್ರವೇ ಇಲ್ಲಿ ಶೋಧಕ ಎಂಬ ಹೆಸರಿನಲ್ಲಿ ಮತ್ತೆ ಬಂದಿದೆ. ಅಂದಮೇಲೆ ಶೋಧಕ ಎರಡು ಮೂಲಗಳ ನಡುವಿನ ಅಂತರದ ವರ್ಗ. (ವರ್ಗಪದದ ಸಹಗುಣಕ, ಅಂದರೆ ಎಕ್ಸ್²ನ ಮುಂದಿರುವ ಸಂಖ್ಯೆ, ಒಂದಲ್ಲದಿದ್ದರೆ ಶೋಧಕವನ್ನು ಆ ಸಹಗುಣಕದ ವರ್ಗದಿಂದ ಭಾಗಿಸಿಕೊಳ್ಳಬೇಕು, ಅಷ್ಟೇ.) ಅಂತರ ಇದ್ದರೆ ಮೂಲಗಳು ಬೇರೆ ಬೇರೆ, ಅಂತರ ಸೊನ್ನೆಯಾದರೆ ಎರಡೂ ಒಂದೇ, ಅಂತರದ ವರ್ಗ ಋಣವಾಗಬೇಕೆಂದು ಲೆಕ್ಕ ಹೇಳಿದರೆ ಅಂಥ ವಾಸ್ತವ ಸಂಖ್ಯೆಗಳೇ ಇಲ್ಲ. ಪಟ್ಟಿಯ ಮೂರೂ ಸಾಲು ಇಲ್ಲಿ ತಾನಾಗಿಯೇ ಬಂದವು. ಇದನ್ನು ವಿವರಿಸಲು ಒಂದು ಪೂರ್ಣ ಪಿರಿಯಡ್ ಕೂಡ ಬೇಕಾಗದು.

ಸಾಮಾನ್ಯ ಸೂತ್ರದ ದಾರಿಯೂ ಇಷ್ಟೇ ಸರಳ. ಎ ಎಕ್ಸ್² + ಬಿ ಎಕ್ಸ್ + ಸಿ = 0 ಎಂಬ ಸಮೀಕರಣದ ಎರಡೂ ಬದಿಯನ್ನು 4ಎ ಇಂದ ಗುಣಿಸಿ, ಎರಡೂ ಬದಿಗೆ ಬಿ² ಕೂಡಿಸಿ, 4ಎಸಿ ಪದವನ್ನು ಬಲಕ್ಕೆ ಒಯ್ದರೆ (2ಎ ಎಕ್ಸ್ + ಬಿ)² = ಬಿ² − 4ಎಸಿ ಎಂದು ಸಿಗುತ್ತದೆ. ಎಡಗಡೆ ಇರುವುದು ಒಂದು ವರ್ಗ, ಬಲಗಡೆ ಇರುವುದು ನಾವು ಶೋಧಕವೆನ್ನುವ ಸಂಖ್ಯೆ. ನಾಲ್ಕರಷ್ಟರಿಂದ ಗುಣಿಸುವ ಈ ಉಪಾಯ ನಮ್ಮ ದೇಶದ ಶ್ರೀಧರಾಚಾರ್ಯರದು. ಅವರ ಬೀಜಗಣಿತ ಗ್ರಂಥ ನಮಗೆ ದೊರೆತಿಲ್ಲವಾದರೂ ಎರಡನೆಯ ಭಾಸ್ಕರಾಚಾರ್ಯರು ಈ ನಿಯಮವನ್ನು ಅವರ ಹೆಸರಿನಲ್ಲಿಯೇ ಉದ್ಧರಿಸಿ ಉಳಿಸಿದ್ದಾರೆ. ಭಿನ್ನರಾಶಿಗಳ ತೊಡಕಿಲ್ಲದೆ ಮೂರು ಹೆಜ್ಜೆಗಳಲ್ಲಿ ಮುಗಿಯುವ ಈ ದಾರಿಯನ್ನು ಕಪ್ಪುಹಲಗೆಯ ಮೇಲೆ ಒಮ್ಮೆ ನಡೆದು ತೋರಿಸಿದರೆ ಸೂತ್ರ ಮರೆತ ಮಗು ಪರೀಕ್ಷಾ ಕೊಠಡಿಯಲ್ಲಿಯೂ ಅದನ್ನು ಮತ್ತೆ ಕಟ್ಟಿಕೊಳ್ಳಬಲ್ಲದು.

ಆದರೆ ಆದದ್ದೇನು? ರಾಷ್ಟ್ರಮಟ್ಟದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯು 2022–23ರಲ್ಲಿ ಪಠ್ಯದ ಹೊರೆ ಇಳಿಸುವ ಹೆಸರಿನಲ್ಲಿ ಹತ್ತನೇ ತರಗತಿಯ ಗಣಿತದಿಂದ ವರ್ಗವನ್ನು ಪೂರ್ಣಗೊಳಿಸುವ ವಿಧಾನವನ್ನು, ಅಂದರೆ ಎಡಬದಿಯನ್ನು ಹೀಗೆ ಒಂದು ವರ್ಗವಾಗಿಸುವ ದಾರಿಯನ್ನು, ಕೈಬಿಟ್ಟಿತು. ಸೂತ್ರ ಉಳಿಯಿತು, ಸೂತ್ರ ಹುಟ್ಟಿದ ದಾರಿ ಹೋಯಿತು. ಹೊರೆ ಇಳಿಸುವುದು ಒಳ್ಳೆಯ ಉದ್ದೇಶವೇ. ಆದರೆ ಕಾರಣವನ್ನು ತೆಗೆದು ಫಲಿತಾಂಶವನ್ನು ಮಾತ್ರ ಉಳಿಸಿದಾಗ ನೆನಪಿನ ಹೊರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಧ್ಯಾಯದ ಕೊನೆಯಲ್ಲಿರುವ ಅಭ್ಯಾಸದ ಲೆಕ್ಕಗಳಲ್ಲಿ ಕೆಲವನ್ನು ಬಿಟ್ಟಿದ್ದರೂ ಈ ಒಂದು ಪುಟವನ್ನು ಬಿಡಬಾರದಿತ್ತು.

ಋಣಸಂಖ್ಯೆಗೆ ವರ್ಗಮೂಲವೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಈ ಮಾತು ಸ್ಪಷ್ಟವಾಗಿದೆ. ಧನರಾಶಿಯ ವರ್ಗವೂ ಋಣರಾಶಿಯ ವರ್ಗವೂ ಧನವೇ, ಋಣವು ಸ್ವರೂಪದಿಂದಲೇ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಹೇಳುತ್ತಾರೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಶೋಧಕ ಋಣವಾದಾಗ ವಾಸ್ತವ ಮೂಲಗಳೇಕಿಲ್ಲ ಎಂಬುದಕ್ಕೆ ಬೇಕಾದ ಕಾರಣವೆಲ್ಲ ಆ ಒಂದು ಶ್ಲೋಕದಲ್ಲಿದೆ. ಅದನ್ನು ನಮ್ಮದೇ ಮಣ್ಣಿಗೆ ಸೇರಿದ ಗ್ರಂಥದಿಂದ ಮಕ್ಕಳಿಗೆ ಓದಿಸದೆ ಬರಿಯ ಪಟ್ಟಿ ಕೊಡುವುದು ನನಗೆ ಬಹಳ ನೋವಿನ ಸಂಗತಿ.

ಅದೇ ಗ್ರಂಥದಲ್ಲಿ ಒಂಟೆಗಳ ಒಂದು ಲೆಕ್ಕವಿದೆ. ಹಿಂಡಿನ ಕಾಲು ಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋದವು, ಐದರ ಮೂರರಷ್ಟು ಒಂಟೆಗಳು ನದಿಯ ದಂಡೆಯಲ್ಲಿದ್ದವು, ಹಾಗಾದರೆ ಒಟ್ಟು ಎಷ್ಟು? ಹಿಂಡಿನ ವರ್ಗಮೂಲವನ್ನು ಎಕ್ಸ್ ಎಂದು ಇಟ್ಟುಕೊಂಡರೆ 3 ಎಕ್ಸ್² − 8 ಎಕ್ಸ್ − 60 = 0 ಎಂಬ ಸಮೀಕರಣ ಬರುತ್ತದೆ. ಶೋಧಕ 64 + 720 = 784, ಅದರ ವರ್ಗಮೂಲ 28. ಒಂದು ಮೂಲ 6, ಇನ್ನೊಂದು ಋಣ 10/3. ಎರಡೂ ವಾಸ್ತವ ಮೂಲಗಳೇ. ಆದರೆ ಹಿಂಡಿನ ವರ್ಗಮೂಲ ಋಣವಾಗಿರಲು ಬಾರದ್ದರಿಂದ ಎರಡನೆಯದನ್ನು ಬಿಡಬೇಕು. ಹಿಂಡಿನಲ್ಲಿದ್ದ ಒಂಟೆಗಳು 36: ಕಾಡಿನಲ್ಲಿ 9, ತಪ್ಪಲಿನಲ್ಲಿ 12, ದಂಡೆಯಲ್ಲಿ 15. ‘ವಾಸ್ತವ ಮೂಲ’ ಎಂದರೆ ‘ಸರಿಯಾದ ಉತ್ತರ’ ಎಂದು ಭಾವಿಸುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ವಾಸ್ತವ ಮೂಲಗಳು ಇವೆಯೇ ಇಲ್ಲವೇ ಎಂಬುದನ್ನು ಶೋಧಕ ತಿಳಿಸುತ್ತದೆ, ಅವು ಪ್ರಶ್ನೆಗೆ ಒಗ್ಗುತ್ತವೆಯೇ ಎಂಬುದನ್ನು ಪ್ರಶ್ನೆಯನ್ನು ಓದಿಯೇ ತೀರ್ಮಾನಿಸಬೇಕು.

ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಬರುವ ಎರಡು ಕಪಿಸೈನ್ಯದ ಲೆಕ್ಕಗಳು ಇದನ್ನು ಇನ್ನೂ ಸೊಗಸಾಗಿ ತೋರಿಸುತ್ತವೆ. ಮೊದಲನೆಯದರಲ್ಲಿ ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. ಸಮೀಕರಣ ಎಕ್ಸ್² − 64 ಎಕ್ಸ್ + 768 = 0, ಶೋಧಕ 1024, ಮೂಲಗಳು 48 ಮತ್ತು 16. ಎರಡೂ ಒಪ್ಪತಕ್ಕವು: 48ರ ಎಂಟನೇ ಒಂದು ಭಾಗ 6, ವರ್ಗ 36, ಜೊತೆಗೆ 12. ಹಾಗೆಯೇ 16ರ ಎಂಟನೇ ಒಂದು ಭಾಗ 2, ವರ್ಗ 4, ಜೊತೆಗೆ 12. ಎರಡನೆಯದರಲ್ಲಿ ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಉಳಿದುದರ ವರ್ಗದಷ್ಟು ಕಪಿಗಳು ಗುಹೆಗೆ ಹೋಗಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಇಲ್ಲಿ ಶೋಧಕ 2025, ಮೂಲಗಳು 50 ಮತ್ತು 5. ಐದರ ಐದನೇ ಒಂದು ಭಾಗದಲ್ಲಿ ಮೂರು ಕಳೆದರೆ ಋಣ ಎರಡಾಗುವುದರಿಂದ, ಲೋಕಕ್ಕೆ ಒಪ್ಪಿಗೆಯಾಗದ್ದೆಂದು ಆ ಮೂಲವನ್ನು ಭಾಸ್ಕರರು ಸ್ವೀಕರಿಸುವುದಿಲ್ಲ. ಒಂದೇ ಬಗೆಯ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ಒಂದರಲ್ಲಿ ಎರಡು ಉತ್ತರ, ಇನ್ನೊಂದರಲ್ಲಿ ಒಂದೇ ಉತ್ತರ ಬರುವಂತೆ ಮಾಡಿದ ಆ ಶಿಕ್ಷಕನ ಕೈಚಳಕಕ್ಕೆ ನಾನು ಇಂದಿಗೂ ಮನಸೋಲುತ್ತೇನೆ.

ಈಗ ಉತ್ತರಪತ್ರಿಕೆಯ ಕಡೆಗೆ ಬರುತ್ತೇನೆ. 2 ಎಕ್ಸ್² − 3 ಎಕ್ಸ್ − 5 = 0 ಎಂಬ ಸಮೀಕರಣದ ಮೂಲಗಳ ಸ್ವಭಾವ ತಿಳಿಸಲು ಹೇಳಿದರೆ ಮಕ್ಕಳು ಮಾಡುವ ತಪ್ಪುಗಳು ಹೆಚ್ಚುಕಡಿಮೆ ಎರಡೇ. ಕೆಲವರು ಋಣ ಮೂರರ ವರ್ಗವನ್ನು ಋಣ ಒಂಬತ್ತು ಎಂದು ಬರೆಯುತ್ತಾರೆ. ಇನ್ನು ಕೆಲವರು ಐದರ ಹಿಂದಿರುವ ಋಣಚಿಹ್ನೆಯನ್ನು ಬಿಟ್ಟು 9 − 40 ಎಂದು ಕಳೆದು, ಋಣ 31 ಬಂತು, ಆದ್ದರಿಂದ ವಾಸ್ತವ ಮೂಲಗಳಿಲ್ಲ ಎಂದು ಅಂದವಾಗಿ ಅಡಿಗೆರೆ ಎಳೆದು ಮುಗಿಸುತ್ತಾರೆ. ಸರಿಯಾದ ಶೋಧಕ 9 + 40, ಅಂದರೆ 49, ಮೂಲಗಳು ಎರಡೂವರೆ ಮತ್ತು ಋಣ ಒಂದು. ಪಟ್ಟಿಯೊಂದನ್ನೇ ನಂಬಿದ ಮಗುವಿಗೆ ತನ್ನ ಉತ್ತರ ತಪ್ಪೆಂದು ತಿಳಿಯಲು ಯಾವ ದಾರಿಯೂ ಇಲ್ಲ. ಅರ್ಥ ತಿಳಿದ ಮಗುವಿಗೆ ಗುಣಾಕಾರವೇ ಬೇಡ: ಮೊದಲ ಮತ್ತು ಕೊನೆಯ ಸಹಗುಣಕಗಳ ಚಿಹ್ನೆ ಬೇರೆ ಬೇರೆಯಾಗಿದ್ದರೆ ‘ಮೈನಸ್ ಫೋರ್ ಎಸಿ’ ಧನವಾಗುತ್ತದೆ, ಬಿ ವರ್ಗ ಎಂದೂ ಋಣವಲ್ಲ, ಹಾಗಾಗಿ ಅಂಥ ಸಮೀಕರಣಕ್ಕೆ ಯಾವಾಗಲೂ ಎರಡು ಭಿನ್ನ ವಾಸ್ತವ ಮೂಲಗಳಿದ್ದೇ ಇರುತ್ತವೆ. ನಕ್ಷೆಯಲ್ಲಿ ನೋಡಿದರೂ ಅದೇ. ಎಕ್ಸ್ ಸೊನ್ನೆಯಾದಾಗ ಬೆಲೆ ಋಣ ಐದು, ಅಂದರೆ ಅಕ್ಷದ ಕೆಳಗೆ. ಎಕ್ಸ್ ಹತ್ತಾದಾಗ 165, ಅಂದರೆ ಅಕ್ಷದ ಎಷ್ಟೋ ಮೇಲೆ. ಎಕ್ಸ್ ಋಣ ಹತ್ತಾದಾಗಲೂ ಬೆಲೆ ಮೇಲೆಯೇ. ಕೆಳಗಿನಿಂದ ಎರಡೂ ಕಡೆ ಮೇಲೇರುವ ಪರವಲಯ ಅಕ್ಷವನ್ನು ಎರಡು ಕಡೆ ದಾಟದೆ ಹೋಗುವುದಾದರೂ ಹೇಗೆ?

ಅಪವರ್ತನದ ಲೆಕ್ಕಗಳಲ್ಲಿಯೂ ಶೋಧಕ ತುಂಬ ಉಪಕಾರಿ, ಆದರೆ ಆ ಕೆಲಸಕ್ಕೆ ಅದನ್ನು ಬಳಸಲು ಹೇಳಿಕೊಡುವವರು ಕಡಿಮೆ. ಮಧ್ಯದ ಪದವನ್ನು ಒಡೆಯಲು ಹೊರಟು ಎಷ್ಟೋ ಮಕ್ಕಳು ಪುಟದ ಅಂಚಿನಲ್ಲಿ ಜೋಡಿ ಸಂಖ್ಯೆಗಳನ್ನು ಬರೆದು ಹೊಡೆದುಹಾಕುತ್ತ ಕೂರುತ್ತಾರೆ. ಎಕ್ಸ್² − 7 ಎಕ್ಸ್ + 12 ಎಂಬಲ್ಲಿ ಶೋಧಕ 1, ಪೂರ್ಣವರ್ಗ. ಹಾಗಾಗಿ 3 ಮತ್ತು 4 ಎಂದು ಒಡೆಯುತ್ತದೆ. ಕೊನೆಯ ಅಂಕಿಯನ್ನು 11 ಮಾಡಿದರೆ ಶೋಧಕ 5. ಮೂಲಗಳು ವಾಸ್ತವವೇ, ಆದರೆ ಅಭಾಗಲಬ್ಧ. ಇಡೀ ಸಂಜೆ ಹುಡುಕಿದರೂ ಪೂರ್ಣಾಂಕಗಳ ಜೋಡಿ ಸಿಗದು. ಹುಡುಕುವ ಮೊದಲೇ ಶೋಧಕ ಪೂರ್ಣವರ್ಗವೇ ಎಂದು ನೋಡುವ ಅಭ್ಯಾಸ ಮಾಡಿಸಿದರೆ ಪರೀಕ್ಷೆಯಲ್ಲಿ ಸಮಯವೂ ಉಳಿಯುತ್ತದೆ, ಆತ್ಮವಿಶ್ವಾಸವೂ ಉಳಿಯುತ್ತದೆ.

‘ಮೂಲಗಳು ಸಮವಾಗಿದ್ದರೆ ಕೆ ಬೆಲೆ ಏನು’ ಎಂಬ ಪ್ರಶ್ನೆ ಪರೀಕ್ಷೆಗೆ ಪ್ರಿಯವಾದದ್ದು. ಕೆ ಎಕ್ಸ್² + 2ಕೆ ಎಕ್ಸ್ + 5 = 0 ಎಂಬುದರಲ್ಲಿ ಶೋಧಕವನ್ನು ಸೊನ್ನೆಗೆ ಸಮ ಮಾಡಿದರೆ ಕೆ ಸೊನ್ನೆ ಅಥವಾ ಐದು ಎಂದು ಬರುತ್ತದೆ. ಎರಡನ್ನೂ ಉತ್ತರವೆಂದು ಬರೆದುಬಿಡುವವರೇ ಹೆಚ್ಚು. ಸೊನ್ನೆಯನ್ನು ತುಂಬಿ ನೋಡಿದರೆ ಸಮೀಕರಣವೇ ಮಾಯವಾಗಿ ‘5 = 0’ ಎಂಬ ಅಸಂಬದ್ಧ ಉಳಿಯುತ್ತದೆ. ವರ್ಗಪದದ ಸಹಗುಣಕ ಸೊನ್ನೆಯಾಗಬಾರದು ಎಂಬ ಷರತ್ತನ್ನು ಅಧ್ಯಾಯದ ಮೊದಲ ಸಾಲಿನಲ್ಲಿಯೇ ಹೇಳಿರುತ್ತಾರೆ, ಆದರೆ ಅದು ಏಕೆ ಬೇಕು ಎಂದು ಮಗುವಿಗೆ ಹೊಳೆಯುವುದು ಇಲ್ಲಿಯೇ.

ಇನ್ನೊಂದು ಎಚ್ಚರವೂ ಅಗತ್ಯ. ಶೋಧಕ ಋಣವಾದಾಗ ‘ಮೂಲಗಳೇ ಇಲ್ಲ’ ಎಂದು ಕೆಲವು ಕೈಪಿಡಿಗಳಲ್ಲಿ ಮುದ್ರಿಸಿರುವುದನ್ನು ನೋಡಿದ್ದೇನೆ. ‘ವಾಸ್ತವ’ ಎಂಬ ಪದವನ್ನು ದಯವಿಟ್ಟು ಬಿಡಬಾರದು. ಹತ್ತನ್ನು ಎರಡು ಭಾಗ ಮಾಡಿ ಅವುಗಳ ಗುಣಲಬ್ಧ 40 ಬರುವಂತೆ ಮಾಡು ಎಂಬ ಲೆಕ್ಕವನ್ನು ಇಟಲಿಯ ಕಾರ್ಡಾನೊ 1545ರಲ್ಲಿ ಎತ್ತಿಕೊಂಡರು. ನಮ್ಮ ಬೇಲಿಯ ಲೆಕ್ಕದ ಜಾತಿಯದೇ ಅದು. ಶೋಧಕ 100 − 160, ಅಂದರೆ ಋಣ 60. ಅವರು ಅಲ್ಲಿಗೆ ಕೈಬಿಡದೆ ಋಣ ಹದಿನೈದರ ವರ್ಗಮೂಲವನ್ನು ಐದಕ್ಕೆ ಕೂಡಿಸಿ, ಐದರಿಂದ ಕಳೆದು, ಆ ಎರಡನ್ನು ಗುಣಿಸಿದರೆ ನಿಜಕ್ಕೂ 40 ಬರುತ್ತದೆಂದು ತೋರಿಸಿದರು. ಅಂಥ ಸಂಖ್ಯೆಗಳನ್ನು ನಮ್ಮ ಮಕ್ಕಳು ಪ್ರಥಮ ಪಿಯುಸಿಯಲ್ಲಿ ಸಮ್ಮಿಶ್ರ ಸಂಖ್ಯೆಗಳೆಂದು ಓದುತ್ತಾರೆ. ಹತ್ತನೇ ತರಗತಿಯಲ್ಲಿ ‘ಇಲ್ಲವೇ ಇಲ್ಲ’ ಎಂದು ಕಲಿತ ಮಗುವಿಗೆ ಮರುವರ್ಷ ‘ಇದೆ’ ಎಂದರೆ ಗಣಿತವೇ ಮಾತು ಬದಲಿಸಿದಂತೆ ತೋರುತ್ತದೆ. ಮಹಾವೀರರ ಮಾತು ವಾಸ್ತವ ಸಂಖ್ಯೆಗಳ ಮಟ್ಟಿಗೆ ಇಂದಿಗೂ ಅಕ್ಷರಶಃ ನಿಜ, ಸಂಖ್ಯೆಗಳ ಲೋಕ ಆಮೇಲೆ ಹಿಗ್ಗಿತು ಎಂದು ಒಂದು ವಾಕ್ಯ ಸೇರಿಸಿದರೆ ಈ ಗೊಂದಲ ತಪ್ಪುತ್ತದೆ.

ನಿಧಾನವಾಗಿ ಕಲಿಯುವ ಮಕ್ಕಳಿಗೆ ಪಟ್ಟಿಯೇ ಆಸರೆ, ಕಾರಣ ಹೇಳಲು ಹೋದರೆ ಅವರು ಗಲಿಬಿಲಿಗೊಳ್ಳುತ್ತಾರೆ ಎಂದು ಸಹೋದ್ಯೋಗಿಗಳು ಹೇಳುವುದುಂಟು. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಚಿಹ್ನೆಗಳ ಮುಂದೆ ಮಂಕಾಗುವ ಮಗು ಬೇಲಿ, ತಂತಿ, ಗುಂಟೆ ಎಂದೊಡನೆ ಕಣ್ಣರಳಿಸುತ್ತದೆ. 130 ಅಡಿ ತಂತಿ ಸಾಲದು ಎಂಬುದನ್ನು ಅದು ಸೂತ್ರಕ್ಕಿಂತ ಮುಂಚೆಯೇ ಊಹಿಸುತ್ತದೆ. ಆ ಊಹೆಗೆ ಲೆಕ್ಕದ ಬೆಂಬಲ ಕೊಡುವುದಷ್ಟೇ ಶಿಕ್ಷಕರಿಗೆ ಉಳಿಯುವ ಕೆಲಸ. ಕಾರಣದ ಅಗತ್ಯ ಹೆಚ್ಚಿರುವುದು ಇಂಥ ಮಕ್ಕಳಿಗೇ, ಏಕೆಂದರೆ ಮರೆತುಹೋದ ಪಟ್ಟಿಯನ್ನು ಮರಳಿ ಪಡೆಯಲು ಅವರ ಬಳಿ ಬೇರೆ ಸಾಧನವಿರುವುದಿಲ್ಲ.

ಪ್ರಶ್ನೆಪತ್ರಿಕೆಯ ನೀಲನಕ್ಷೆ ಸಿದ್ಧಪಡಿಸುವವರಲ್ಲಿ ನನ್ನ ವಿನಂತಿ ಇದು. ‘ಮೂಲಗಳ ಸ್ವಭಾವ ತಿಳಿಸಿ’ ಎಂಬ ಪ್ರಶ್ನೆಯ ಪಕ್ಕದಲ್ಲಿ ‘ಕಾರಣ ಕೊಡಿ’ ಎಂಬ ಎರಡು ಪದಗಳನ್ನು ಸೇರಿಸಿ, ಒಂದು ಅಂಕವನ್ನು ಕಾರಣಕ್ಕೇ ಮೀಸಲಿಡಲಿ. ಶೋಧಕದ ಲೆಕ್ಕದಲ್ಲಿ ಚಿಕ್ಕ ತಪ್ಪಾಗಿದ್ದರೂ ಕಾರಣ ಸರಿಯಿದ್ದರೆ ಆ ಅಂಕ ಸಿಗುವಂತಿರಲಿ. ಪರೀಕ್ಷೆಯಲ್ಲಿ ಕೇಳಿದ್ದನ್ನು ನಮ್ಮ ಶಾಲೆಗಳು ತಪ್ಪದೆ ಕಲಿಸುತ್ತವೆ, ಆದ್ದರಿಂದ ಬದಲಾವಣೆ ಪಠ್ಯಪುಸ್ತಕಕ್ಕಿಂತ ಮೊದಲು ಪ್ರಶ್ನೆಪತ್ರಿಕೆಯಲ್ಲಿ ಆದರೂ ಸಾಕು. ಮಾರ್ಗದರ್ಶಿ ಪುಟಗಳನ್ನು ಪ್ರಕಟಿಸುವ ತಮ್ಮಂಥ ಪತ್ರಿಕೆಗಳು ಮೂರು ಸಾಲಿನ ಪಟ್ಟಿಯ ಮೇಲೆ (2ಎ ಎಕ್ಸ್ + ಬಿ)² = ಬಿ² − 4ಎಸಿ ಎಂಬ ಒಂದು ಸಾಲನ್ನು, ಅದರ ಹಿಂದಿನ ಮೂರು ಹೆಜ್ಜೆಗಳ ಸಮೇತ, ಈ ವರ್ಷದಿಂದಲೇ ಮುದ್ರಿಸಬೇಕೆಂದು ಕೋರುತ್ತೇನೆ. ಅದಕ್ಕೆ ಬೇಕಾಗುವುದು ಒಂದು ಅಂಗುಲ ಜಾಗ.

— ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕಿ, ಹಾಸನ ಜಿಲ್ಲೆ